ಎತ್ತಿ ಕುಡಿಯುವುದು

೧೨ ಜೂನ್ ೧೯೬೪, ಶುಕ್ರವಾರ. ಛತ್ರದ ಜಗಲಿ. ಅಮ್ಮ ಮಲಗಿದ್ದಾಳೆ.

ರಂಗೂನ್ ಬಿಟ್ಟು ಬಂದು ವಾರವಾಯಿತು. ಅನುವಾದದ ಕಾದಂಬರಿಗಳನ್ನು ಓದಿ ಕಲ್ಕತ್ತೆಯ ಗಲ್ಲಿಗಳನ್ನು ಬಲ್ಲೆ. ಅಪ್ಪ ಹುಟ್ಟಿದ ಈ ಊರಿನಲ್ಲಿ ದಿನವೂ ದಾರಿ ತಪ್ಪುತ್ತೇನೆ.

ಇವತ್ತು ಹೆಬ್ಬಾಳದಲ್ಲಿ ಬಾಡಿಗೆಗೆ ಒಂದು ಕೋಣೆ ಸಿಕ್ಕಿತ್ತು. ಮನೆಯ ಯಜಮಾನಿ ಸೊಣ್ಣಮ್ಮ ನಗುತ್ತಲೇ ಮಾತಾಡಿದರು.

"ರಂಗೂನಾ? ಅಲ್ಲಿ ಆನೆ ಕೈಲಿ ಮರ ಎಳೆಸ್ತಾರಂತಲ್ಲಪ್ಪ. ನಾಳೇನೇ ನಿಮ್ಮಮ್ಮನ್ನ ಕರ್ಕೊಂಡು ಬಾ."

ಕೆರೆ ಏರಿಯ ಮೇಲೆ ಬಿಸಿಲಲ್ಲಿ ನಡೆದು ಬಂದಿದ್ದೆ, ನೀರು ಕೇಳಿದೆ. ಚೊಂಬನ್ನು ತುಟಿಗಿಟ್ಟು ಕುಡಿದೆ. ರಂಗೂನಿನಲ್ಲಿ ದಾರಿಹೋಕರಿಗೆಂದು ಬೀದಿಯಲ್ಲಿ ಮಡಕೆ ಇಟ್ಟಿರುತ್ತಾರೆ. ಒಂದೇ ಬಟ್ಟಲಿನಲ್ಲಿ ಎಲ್ಲರೂ ಹಾಗೆಯೇ ಕುಡಿಯುತ್ತಾರೆ.

ಸೊಣ್ಣಮ್ಮನ ನಗು ನಿಂತಿತು. "ಇಂಗಾ ಕುಡಿಯೋದು? ಎತ್ತಿ ಕುಡಿಯೋದು ನಿಮ್ಮಮ್ಮ ಕಲಿಸ್ಲಿಲ್ವಾ? ಯಾವ ಜನ ನೀವು?"

ಅಪ್ಪನ ಜಾತಿ ಹೇಳಿದೆ.

"ಮತ್ತೆ ತಾಯೀದು?"

ಬರ್ಮಾದವಳು ಎಂದೆ.

ಕೋಣೆ ಅಳಿಯನಿಗೆ ಬೇಕಂತೆ ಎಂದು ಹೇಳಿ ಅವರು ಒಳಗೆ ಹೋದರು. ಚೊಂಬು ಅಂಗಳದಲ್ಲೇ ಉಳಿಯಿತು.

ಅಲ್ಲಿ ನಮ್ಮನ್ನು ಪರದೇಶಿಗಳೆಂದು ಕಳಿಸಿದರು. ಇಲ್ಲಿಯೂ ಅದೇ ಆದೆವು. ಛತ್ರವನ್ನು ಭಾನುವಾರ ಬಿಡಬೇಕು.

ಕೋಣೆ ನನಗೆ ಹಿಡಿಸಲಿಲ್ಲ ಎಂದು ಅಮ್ಮನಿಗೆ ಹೇಳಿದ್ದೇನೆ. ನಾಳೆ ಯಶವಂತಪುರದ ಕಡೆ ಹುಡುಕಬೇಕು, ಈ ಸಲ ಅವಳನ್ನೂ ಕರೆದುಕೊಂಡು. ಹೊರಡುವ ಮೊದಲು ಎತ್ತಿ ಕುಡಿಯುವುದನ್ನು ಅವಳಿಗೆ ಕಲಿಸುತ್ತೇನೆ. ನನಗೇ ಇನ್ನೂ ಬಾರದು.