ಎಂಬತ್ತು ಕುಂಡಗಳ ಪರವಾಗಿ

ಗಾಜಿನಮನೆಯ ಮಹಾರಾಣಿಯೂ ನನ್ನ ಒಬ್ಬಳೇ ಅಕ್ಕನೂ ಆದವಳೇ,

ಮೂರು ದಿನದಿಂದ ನೀನು ನನ್ನ ಜೊತೆ ಮಾತಾಡಿಲ್ಲ. ಉಪ್ಪು ಬೇಕಾದರೂ ಅಪ್ಪನ ಮೂಲಕ ಕೇಳುತ್ತೀಯ. ಆದ್ದರಿಂದ ಆರೋಪಿಯಾದ ನಾನು ಲಿಖಿತ ಹೇಳಿಕೆ ಸಲ್ಲಿಸುತ್ತಿದ್ದೇನೆ.

ಹೌದು, ನೀರು ಹಾಕಲು ನೀನು ನಂಬಿ ಕರೆದುಕೊಂಡು ಹೋದೆ, ನಾನು ಮೊಳಕೆಯ ದಿನವೇ ಎರಡು ಕುಂಡಗಳ ಚೀಟಿ ಅದಲುಬದಲು ಮಾಡಿದೆ. ಗಿಡಕ್ಕೆ ಏನೂ ಕೊಡದ ಸೋಮಾರಿ ಬ್ಯಾಕ್ಟೀರಿಯಾದ ಚೀಟಿಯಿರುವ ಸೋಯಾ ಗಿಡ ಹಸಿರಾಗಿ ನಿಂತರೆ ನಿನ್ನ ಮುಖ ಹೇಗಾಗುತ್ತೆ ಅಂತ ನೋಡುವ ಚಪಲ. ನೀನು ನೋಡಿದ ದಿನವೇ ಹೇಳಿ ನಗೋಣ ಅಂದುಕೊಂಡಿದ್ದೆ. ಆದರೆ ಆ ಹಸಿರು ಕಂಡು ನೀನು ಕುಣಿದುಬಿಟ್ಟೆ ಅಕ್ಕ. "ಲೋ ಕೋತಿ, ಬಾರೋ ಇಲ್ಲಿ, ಇದು ಯಾರೂ ಕಂಡಿಲ್ಲದ್ದು ಕಣೋ!" ಆ ಸಂತೋಷ ಕೆಡಿಸಲಾರದೆ, ನಾಳೆ ಹೇಳೋಣ ಅಂತ ಮುಂದೂಡಿದೆ. ಮರುದಿನ ನಿನ್ನ ಪ್ರೊಫೆಸರ್ ಅದನ್ನು ತೋರಿಸಲು ನಾಲ್ಕು ಜನರನ್ನು ಕರೆತಂದರು. ಬ್ಯಾಕ್ಟೀರಿಯಾ ಮನೆ ಮಾಡುವ ಬೇರಿನ ಗಂಟು ಸೀಳಿದರೆ ಒಳಗೆ ಕೆಂಪು, ಅಪ್ಪಟ ದುಡಿಯುವ ಬ್ಯಾಕ್ಟೀರಿಯಾದ ಬಣ್ಣ. ಚೀಟಿಯೇ ಸುಳ್ಳು ಅಂತ ಎಲ್ಲರೂ ನಕ್ಕರು, ನೀನೊಬ್ಬಳನ್ನು ಬಿಟ್ಟು.

"ಬದಲಾಯಿಸಿದ್ದು ನಾನೇ, ಆದರೆ ಎರಡೇ ಕುಂಡ ಕಣೇ" ಅಂತ ಗೋಗರೆದೆ. "ಎಂಬತ್ತರಲ್ಲಿ ಎರಡೇ ಅಂತ ಹೇಗೋ ನಂಬಲಿ?" ಅಂತ ಕೇಳಿದೆ ನೀನು. ಶನಿವಾರ ಎಲ್ಲವನ್ನೂ ತಿಪ್ಪೆಗೆ ಸುರಿಯುತ್ತೀಯಂತೆ. ಎರಡು ವರ್ಷದ ತಯಾರಿ.

ಬ್ಯಾಕ್ಟೀರಿಯಾ ಗಿಡಕ್ಕೆ ಸಾರಜನಕ ಕೊಡುತ್ತೆ, ಗಿಡ ಅದಕ್ಕೆ ಸಕ್ಕರೆ ಉಣಿಸುತ್ತೆ. ಕೋಟ್ಯಂತರ ವರ್ಷದ ನಂಟು, ಆಣೆಯಿಲ್ಲ, ಪ್ರಮಾಣವಿಲ್ಲ. ಬ್ಯಾಕ್ಟೀರಿಯಾ ಏನೂ ಕೊಡದೆ ತಿಂದು ತೇಗಿ ಬಿದ್ದಿರಬಹುದಲ್ಲ ಅಂತ ಒಮ್ಮೆ ಕೇಳಿದ್ದೆ (ನನಗೆ ಬಹಳ ಹಿಡಿಸಿದ ಬದುಕು). "ಗಿಡ ಪೆದ್ದಲ್ಲ ಕಣೋ. ಕೊಡದ ಗಂಟಿಗೆ ಗಾಳಿ ಬಿಗಿ ಮಾಡುತ್ತೆ, ಆಮ್ಲಜನಕ ಕಮ್ಮಿ ಬಿಡುತ್ತೆ. ಅಲ್ಲಿರೋವು ಹೆಚ್ಚೋಲ್ಲ. ದುಡಿಯೋವು ಲಕ್ಷವಾಗಿ ಮಣ್ಣಿಗೆ ವಾಪಸ್ಸು ಹೋಗ್ತವೆ. ಅದಕ್ಕೇ ಈ ಸ್ನೇಹ ಉಳಿದಿರೋದು" ಅಂತ ಹೇಳಿಕೊಟ್ಟವಳು ನೀನೇ.

ಅಕ್ಕ, ಒಂದು ಗಂಟು ಕೈಕೊಟ್ಟಿತು ಅಂತ ಗಿಡ ತನ್ನ ಬೇರನ್ನೇ ಕಿತ್ತುಕೊಳ್ಳುವುದಿಲ್ಲ. ನನಗೆ ಗಾಳಿ ಬಿಗಿ ಮಾಡು. ಆದರೆ ಆ ಗಿಡಗಳು ಏನು ತಪ್ಪು ಮಾಡಿವೆ? ನನ್ನ ಮಾತು ನಂಬಬೇಡ, ಗಂಟನ್ನೇ ಕೇಳು. ದುಡಿಯುವುದು ಕೆಂಪು, ಸೋಮಾರಿ ಬಿಳಿ. ಪ್ರೊಫೆಸರ್ ಹತ್ತಿರ ಇವತ್ತು ಬೆಳಿಗ್ಗೆ ಹೋಗಿ ಎಲ್ಲ ಒಪ್ಪಿಕೊಂಡೆ. ನಾಳೆ ಗಾಜಿನಮನೆಗೆ ಬರುತ್ತೇನೆ ಅಂದರು. ಯಾವ ಕುಂಡಕ್ಕೆ ಯಾವ ಬ್ಯಾಕ್ಟೀರಿಯಾ ಅನ್ನುವ ಪಟ್ಟಿ ಅವರ ಕೈಯಲ್ಲಿರಲಿ. ಪ್ರತಿ ಕುಂಡದಿಂದ ಒಂದೊಂದು ಗಂಟು ನಾನು ತೊಳೆದು ಕೊಡುತ್ತೇನೆ, ನೀನು ಸೀಳು. ಉಳಿದ ಎಪ್ಪತ್ತೆಂಟೂ ಸರಿಯಿದ್ದರೆ ಗಿಡಗಳನ್ನು ಉಳಿಸಿಕೋ. ನನ್ನನ್ನು ಉಳಿಸಿಕೊಳ್ಳುವ ವಿಚಾರ ನಿಧಾನಕ್ಕೆ ಮಾಡು. ಅವಸರವಿಲ್ಲ.

ದೊಡ್ಡವರನ್ನು ಚಿಕ್ಕವರು ಹರಸಬಾರದಂತೆ. ಆದರೂ, ನಿನ್ನ ಕೈ ಹಸಿರಾಗಿರಲಿ.

ತೊಳೆಯಲು ಬಕೆಟ್ ತುಂಬಿಟ್ಟು ಕಾಯುತ್ತಿರುವ,
ನಿನ್ನ ತಮ್ಮ