ಹೊರಗೆ ಹೇಳಿದ ಎರಡು ನಿಮಿಷದ ಮಾತು

ಬ್ರಿಜ್‌ವ್ಯೂ, ಶಿಕಾಗೊ ಹತ್ತಿರ
ಆಗಸ್ಟ್ ೨೬

ಪ್ರೀತಿಯ ನಜಾಹ್ ಅಕ್ಕನಿಗೆ ಸುಹೈಲಾಳ ಸಲಾಂ.

ಅಮ್ಮಾನಿನಲ್ಲಿ ನಿನ್ನ ಮಂಡಿನೋವು ಹೇಗಿದೆ? ನೀನು ಕಳಿಸಿದ ಝಾತರ್ ಮಸಾಲೆ ಪುಡಿ ತಲುಪಿ ಎಷ್ಟೋ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಇಲ್ಲಿ ಶಿಕಾಗೊದಲ್ಲಿ ನಮ್ಮ ಪಕ್ಷದ ಮಹಾಧಿವೇಶನ ಮುಗಿಯಲಿ, ಒಳ್ಳೆಯ ಸುದ್ದಿಯೊಂದಿಗೇ ಬರೆಯೋಣವೆಂದು ಕಾದೆ.

ಸುದ್ದಿ ಒಳ್ಳೆಯದಲ್ಲ. ಈ ಕಡೆಯ ಪ್ರತಿನಿಧಿಯಾಗಿ ನಾನು ಹೋಗಿದ್ದು ನಿನಗೆ ಗೊತ್ತು. ಪ್ಯಾಲೆಸ್ತೀನಿನವರೊಬ್ಬರಿಗೆ ವೇದಿಕೆಯ ಮೇಲೆ ಎರಡು ನಿಮಿಷ ಕೊಡಿ ಎಂದು ಕೇಳಿದ್ದೆವು. ಮಾತಾಡಲು ನಮ್ಮವರು ನನ್ನನ್ನೇ ಆರಿಸಿದ್ದರು. ನಾನು ಯಾರನ್ನೂ ಬೈಯುವವಳಿರಲಿಲ್ಲ. ಗಾಜಾದಲ್ಲಿ ನಮ್ಮ ತಮ್ಮ ಮರ್ವಾನ್ ಬೀದಿಗೆಲ್ಲ ರೊಟ್ಟಿ ಸುಟ್ಟು ಕೊಡುತ್ತಿದ್ದುದು, ಬಾಂಬು ಬಿದ್ದ ದಿನವೂ ಒಲೆ ಹಚ್ಚಿದ್ದು, ಅವನನ್ನು ಅಂಗಡಿಯ ಹಿತ್ತಲಲ್ಲೇ ಹೂಳಿದ್ದು, ಇಷ್ಟೇ ಹೇಳುವವಳಿದ್ದೆ. ಅಮ್ಮನ ಕಸೂತಿಯ ನಿಲುವಂಗಿಗೆ ಇಸ್ತ್ರಿ ಮಾಡಿಟ್ಟಿದ್ದೆ.

"ನಾಳೆ ಹೇಳ್ತೀವಿ" ಎನ್ನುತ್ತಲೇ ಪಕ್ಷದವರು ದಿನ ತಳ್ಳಿದರು. ಕೊನೆಯ ಸಂಜೆ ಕ್ಯಾಥ್ಲೀನ್ ಬಂದಳು. ನನ್ನ ಪಕ್ಕದ ಮನೆಯ ಗೆಳತಿ. ಈಗ ಕಾರ್ಯಕ್ರಮ ಸಮಿತಿಯಲ್ಲಿದ್ದಾಳೆ.

"ಈ ಸಲ ಆಗಲ್ಲ ಕಣೇ. ಚುನಾವಣೆ ಹತ್ರ ಬಂತು, ಒಡಕು ಬರುತ್ತೆ ಅಂತಾರೆ. ನೀನು ಮುಂದಿನ ಸಾಲಲ್ಲಿ ನನ್ನ ಪಕ್ಕ ಕೂತ್ಕೋ. ಆ ಅಂಗೀನೇ ಹಾಕ್ಕೊಂಡು ಬಾ, ಟಿವೀಲಿ ಚೆನ್ನಾಗಿ ಕಾಣ್ತೀಯ."

"ಮುಖ ಬೇಕು, ಬಾಯಿ ಬೇಡ್ವಾ?"

"ಹಾಗನ್ಬೇಡ ಸುಹೈಲಾ. ಗೆದ್ದ ಮೇಲೆ ಕೇಳೇ ಕೇಳ್ತಾರೆ."

"ಗೆದ್ದೋರಿಗೆ ಕೇಳೋ ದರ್ದು ಏನಿರುತ್ತೆ?"

ನಾನು ಹೊರಗೆ ಬಂದು ಫುಟ್‌ಪಾತಿನಲ್ಲಿ ಧರಣಿ ಕುಳಿತಿದ್ದ ನಮ್ಮವರ ಮಧ್ಯೆ ನಿಂತು ನನ್ನ ಮಾತು ಹೇಳಿದೆ. ಅವರಿಗೆ ಹೊಸದೇನಿತ್ತು ಅಕ್ಕ? ಪ್ರತಿ ಮನೆಯಲ್ಲೂ ಒಬ್ಬ ಮರ್ವಾನ್. ಒಳಗೆ ಯಾರಿಗೋ ಚಪ್ಪಾಳೆ ಬೀಳುತ್ತಿತ್ತು.

ನಿನ್ನ ಮಕ್ಕಳು ಮೊಮ್ಮಕ್ಕಳನ್ನು ದೇವರು ತಣ್ಣಗಿಟ್ಟಿರಲಿ. ಮರ್ವಾನನ ಹೆಂಡತಿ ಫೋನಿಗೆ ಸಿಕ್ಕರೆ, ನಾನು ಅವನ ಹೆಸರು ಹೇಳಿದೆ ಎಂದು ತಿಳಿಸು. ಎಲ್ಲಿ ಹೇಳಿದೆ ಎನ್ನಬೇಡ.

ನಿನ್ನ ತಂಗಿ,
ಸುಹೈಲಾ

ಇನ್ನೊಂದು ಮಾತು: ಮರ್ವಾನ್ ಹೋದ ಸುದ್ದಿ ಬಂದ ದಿನ ನನ್ನನ್ನು ತಬ್ಬಿಕೊಂಡು ಅತ್ತವಳು ಇದೇ ಕ್ಯಾಥ್ಲೀನ್. ಎಲ್ಲ ಗೊತ್ತಿದ್ದವಳೇ ಬೇಡವೆನ್ನಲು ಬಂದಳಲ್ಲ, ಅಕ್ಕ. ನಿನ್ನೆ ಬಾಗಿಲು ಬಡಿದಳು. "ಒಳಗಿದ್ದೀಯ ಅಂತ ಗೊತ್ತು ಕಣೇ. ಬೈ, ಉಗಿ, ಏನಾದ್ರೂ ಮಾತಾಡು" ಎಂದಳು. ಬಾಗಿಲಿಗೆ ಅಂಗೈ ಒತ್ತಿ ಈಚೆ ನಿಂತಿದ್ದೆ, ತೆರೆಯಲಿಲ್ಲ. ನನ್ನ ಗಂಡ ಅದೀಬ್ ತೀರಿಕೊಂಡ ಮೇಲೆ ಈ ಮನೆಗೆ ದಿನವೂ ಬರುತ್ತಿದ್ದವಳು ಅವಳೊಬ್ಬಳೇ. ಇವತ್ತು ಬರಲಿಲ್ಲ. ಬೆಳಗಿನಿಂದ ಕಿಟಕಿಯ ಹತ್ತಿರವೇ ಇದ್ದೇನೆ.