ಮುಂದಿದ್ದವನು ಕೂಗಬೇಕು

ಮಾರ್ಚ್ ೯, ಭಾನುವಾರ. ಹೊಳೆದಂಡೆಯ ಸೈಕಲ್ ದಾರಿ, ಹದಿನೆಂಟು ಕಿಲೋಮೀಟರ್, ಒಬ್ಬನೇ.

ಭಾವ,

ನೀವು ತೀರಿಹೋದ ಮೇಲೆ ಸೈಕಲ್ ಹೊರತೆಗೆದದ್ದು ಇಂದೇ ಮೊದಲು. ಬಡಾವಣೆಯ ಹಿಂದಿನಿಂದ ಇಳಿದರೆ ಈಗಲೂ ಒಂದು ಕಾರೂ ಎದುರಾಗುವುದಿಲ್ಲ. ಎರಡನೇ ಸೇತುವೆ ದಾಟಿದ ಮೇಲೆ ಮರದ ಬೇರು ಟಾರನ್ನು ಎತ್ತಿದೆಯಲ್ಲ, ಅಲ್ಲಿ ನನಗರಿವಿಲ್ಲದೆ "ಬೇರು" ಎಂದು ಕೂಗಿದೆ. ಮುಂದಿದ್ದವನು ಕೂಗಬೇಕು ಎಂಬುದು ನೀವು ಮಾಡಿದ ನಿಯಮ. ಹಿಂದೆ ಬರುತ್ತಿದ್ದ ಯಾರೋ ಹೆಂಗಸು ಬ್ರೇಕ್ ಹಿಡಿದು, "ಹೇಳಿದ್ದು ಒಳ್ಳೇದಾಯ್ತು ಕಣಪ್ಪಾ, ಇಲ್ದಿದ್ರೆ ನನ್ನ ಹಲ್ಲೆಲ್ಲ ಹೊಳೆ ಪಾಲಾಗ್ತಿತ್ತು" ಎಂದರು. ನಾನು ತಲೆಯಾಡಿಸಿದೆ.

ಅದೇ ಬೇರಿಗೆ ಸಿಕ್ಕಿ ನೀವು ಬಿದ್ದ ದಿನವೂ ಮುಂದಿದ್ದವನು ನಾನೇ. ನಾನು ಕಾರು ಕೊಳ್ಳುವ ಮಾತೆತ್ತಿದ್ದಕ್ಕೆ ನೀವು ನಕ್ಕಿರೆಂದು ಮುನಿಸಿಕೊಂಡು ಬಾಯಿ ಬಿಗಿದುಕೊಂಡಿದ್ದೆ. ಬೇರನ್ನು ನೋಡಿದ್ದೆ.

ಅಕ್ಕ ಇವತ್ತಿಗೂ ಬೈಯುವುದು ನಿಮ್ಮನ್ನೇ. "ದಾರಿ ನೋಡ್ಕೊಂಡು ತುಳಿಯೋಕೆ ಏನಾಗಿತ್ತು ಇವರಿಗೆ?" ಎನ್ನುತ್ತಾಳೆ. ನಾನು ಚಹಾ ಕುಡಿದು ಎದ್ದು ಬರುತ್ತೇನೆ.

ನಾಳೆ ಸಂಜೆ ಅವಳಿಗೆ ಹೇಳುವುದೆಂದು ತೀರ್ಮಾನಿಸಿದ್ದೇನೆ. ಸೈಕಲ್ಲಿನಲ್ಲೇ ಹೋಗುತ್ತೇನೆ. ಎರಡು ಚಕ್ರಕ್ಕೂ ಗಾಳಿ ತುಂಬಿಸಿ ಬಾಗಿಲ ಬಳಿ ನಿಲ್ಲಿಸಿದ್ದೇನೆ.